ಸಾರಿನ ಪುಡಿಯಲ್ಲಿ ಅಡಗಿದ ಗೋಧಿ: ಆಹಾರ ಪದಾರ್ಥ ತಯಾರಕರು ಗಮನಿಸಬೇಕಾದ ಅಂಶಗಳು

ಸಾರಿನ ಪುಡಿಗೆ ಕೊತ್ತಂಬರಿ ಬೀಜ, ಮೆಣಸಿನಕಾಯಿ, ಜೀರಿಗೆ, ಮೆಂತ್ಯ, ಕರಿಮೆಣಸು, ಅರಿಸಿನ, ಇಂಗು ಸೇರುತ್ತವೆ. ಗೋಧಿಯ ಹೆಸರು ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಈ ಧೈರ್ಯದಿಂದಲೇ ಪೊಟ್ಟಣದ ಮೇಲೆ ‘ಗ್ಲುಟನ್ ಮುಕ್ತ’ ಎಂದು ಮುದ್ರಿಸಿದ ತಯಾರಕರ ಸರಕು ಪರೀಕ್ಷೆಯಲ್ಲಿ ಅನುತ್ತೀರ್ಣವಾಗುವ ಸಂಭವವಿದೆ. ಅದಕ್ಕೆ ಕಾರಣವಾಗುವುದು ಪಟ್ಟಿಯ ಕೊನೆಯಲ್ಲಿರುವ ಇಂಗು.

ಶುದ್ಧ ಇಂಗು ಗಿಡದ ಬೇರಿನಿಂದ ಒಸರುವ ರಾಳ. ಅದರ ಘಾಟು ಅತಿ ತೀಕ್ಷ್ಣವಾದುದರಿಂದ ಗೋಂದು ಮತ್ತು ಹಿಟ್ಟನ್ನು ಬೆರೆಸಿ ಮಿಶ್ರ ಇಂಗನ್ನು ತಯಾರಿಸುತ್ತಾರೆ. ಇದು ಕಲಬೆರಕೆಯಲ್ಲ; ಭಾರತದ ಆಹಾರ ಮಾನದಂಡಗಳೇ ಇದಕ್ಕೆ ಅವಕಾಶ ನೀಡಿವೆ. ಕೆಲವರು ಅಕ್ಕಿ ಹಿಟ್ಟನ್ನು ಬಳಸಿದರೆ, ಅನೇಕರು ಬಳಸುವುದು ಮೈದಾವನ್ನು. ಅಲ್ಲಿಯೇ ಗ್ಲುಟನ್ ಪ್ರವೇಶಿಸುತ್ತದೆ.

ಗ್ಲುಟನ್ ಎಂಬುದು ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಪ್ರೋಟೀನು. ಸೀಲಿಯಾಕ್ ಕಾಯಿಲೆ ಇರುವವರಲ್ಲಿ ಇದು ಸಣ್ಣ ಕರುಳಿನ ಒಳಪದರವನ್ನು ಹಾಳುಗೆಡವುತ್ತದೆ. ಜೀವನಪರ್ಯಂತ ಪಥ್ಯವೇ ಅದಕ್ಕಿರುವ ಚಿಕಿತ್ಸೆ. ಮಗುವಿಗೆ ಈ ಕಾಯಿಲೆ ಇರುವ ಮನೆಯವರು ಅಂಗಡಿಯಲ್ಲಿ ನಂಬುವುದು ಪೊಟ್ಟಣದ ಮೇಲಿನ ಆ ಎರಡು ಪದಗಳನ್ನು ಮಾತ್ರ. ಒಂದು ಕಿಲೋ ಆಹಾರದಲ್ಲಿ ಗ್ಲುಟನ್ 20 ಮಿಲಿಗ್ರಾಮನ್ನು ಮೀರದಿದ್ದರೆ ಮಾತ್ರ ಅವುಗಳನ್ನು ಮುದ್ರಿಸಬಹುದು. ಯುರೋಪಿನ ಒಕ್ಕೂಟ ಹಾಗೂ ಅಮೆರಿಕದಲ್ಲಿಯೂ ಮಿತಿ ಇಷ್ಟೇ.

ಈ 20 ಮಿಲಿಗ್ರಾಮು ಎಷ್ಟು ಅಲ್ಪವೆಂಬುದು ಲೆಕ್ಕ ಹಾಕಿದಾಗಲೇ ತಿಳಿಯುವುದು. ಮೈದಾದಲ್ಲಿ ಸುಮಾರು ಶೇ. 8ರಷ್ಟು ಗ್ಲುಟನ್ ಇದೆಯೆಂದು ಇಟ್ಟುಕೊಂಡರೆ, ಒಂದು ಕಿಲೋ ಪುಡಿಯಲ್ಲಿ ಕಾಲು ಗ್ರಾಮು ಮೈದಾ ಇದ್ದರೂ ಮಿತಿ ಮುಟ್ಟಿದಂತೆ. ಕಿಲೋಗೆ 10 ಗ್ರಾಮು ಇಂಗು ಹಾಕಿ, ಆ ಇಂಗಿನಲ್ಲಿ ಅರ್ಧದಷ್ಟು ಮೈದಾ ಇದ್ದರೆ ಪುಡಿಗೆ 5 ಗ್ರಾಮು ಮೈದಾ, ಅಂದರೆ 400 ಮಿಲಿಗ್ರಾಮು ಗ್ಲುಟನ್ ಸೇರುತ್ತದೆ. ಇದು ಮಿತಿಯ ಇಪ್ಪತ್ತು ಪಟ್ಟು!

‘ಗ್ಲುಟನ್ ಮುಕ್ತ’ ಎಂದು ಹೇಳಿಕೊಳ್ಳದ ತಯಾರಕರೂ ಇದರಿಂದ ಪಾರಾಗುವಂತಿಲ್ಲ. 2020ರ ಲೇಬಲಿಂಗ್ ನಿಯಮಾವಳಿಯ ಪ್ರಕಾರ ಗ್ಲುಟನ್ ಇರುವ ಧಾನ್ಯಗಳನ್ನು ಅಲರ್ಜಿಕಾರಕಗಳೆಂದು ಲೇಬಲಿನಲ್ಲಿ ನಮೂದಿಸಬೇಕು. ಇಂಗಿನ ಮೂಲಕ ಬಂದ ಗೋಧಿಯೂ ಗೋಧಿಯೇ. ಭಾರತದ ಪಟ್ಟಿಯಲ್ಲಿ ಓಟ್ಸ್ ಕೂಡ ಸೇರಿದೆ ಎಂಬುದನ್ನು ಹಲವರು ಮರೆಯುತ್ತಾರೆ.

ಇಂಗಿನಂತೆಯೇ ಸಂದೇಹದಿಂದ ನೋಡಬೇಕಾದ ಬೇರೆ ಪದಾರ್ಥಗಳೂ ಇವೆ. ಸಿದ್ಧ ಮಸಾಲೆಗಳಲ್ಲಿ ಬಳಸುವ ಸೋಯಾ ಸಾಸ್ ಪುಡಿಗೆ ಗೋಧಿ ಸೇರಿರುವುದು ಸಾಮಾನ್ಯ. ‘ಜಲವಿಭಜಿತ ಸಸ್ಯ ಪ್ರೋಟೀನು’ ಎಂದಷ್ಟೇ ಬರೆದಿದ್ದರೆ ಆ ಸಸ್ಯ ಯಾವುದೆಂದು ಕೇಳಿ ತಿಳಿಯಬೇಕು. ಮಾಲ್ಟ್ ಎಂಬ ಪದವಂತೂ ಗೊಂದಲಕ್ಕೆ ಎಡೆಮಾಡುತ್ತದೆ: ಮೊಳಕೆ ಬರಿಸಿದ ರಾಗಿಯಿಂದ ಮಾಡಿದ ಮಾಲ್ಟಿನಲ್ಲಿ ಗ್ಲುಟನ್ ಇಲ್ಲ, ಆದರೆ ಬಿಸ್ಕತ್ತು ಮತ್ತು ಪೇಯಗಳಿಗೆ ಹಾಕುವ ಮಾಲ್ಟ್ ಸಾರ ಸಾಮಾನ್ಯವಾಗಿ ಬಾರ್ಲಿಯದು. ರಾಗಿ ಶ್ಯಾವಿಗೆ ಮುರಿಯದಿರಲೆಂದು ಗೋಧಿ ಹಿಟ್ಟು ಸೇರಿಸುವವರಿದ್ದಾರೆ. ನಿಪ್ಪಟ್ಟು, ಕೋಡುಬಳೆಗಳಿಗೆ ಮೈದಾ ಅಥವಾ ಚಿರೋಟಿ ರವೆ ಸೇರುವುದು ಎಲ್ಲರಿಗೂ ತಿಳಿದ ವಿಷಯವೇ. ಮೈದಾ ಹಾಕದ ಚಕ್ಕುಲಿಗೂ ಇಂಗು ಬೀಳುತ್ತದೆ.

ಸಿರಿಧಾನ್ಯದ ಹಿಟ್ಟು ತಯಾರಿಸುವವರ ಸಮಸ್ಯೆ ಬೇರೆ ಬಗೆಯದು. ರಾಗಿ, ಜೋಳ, ನವಣೆ, ಸಾಮೆಗಳಲ್ಲಿ ಗ್ಲುಟನ್ ಇಲ್ಲ ನಿಜ. ಆದರೆ ಗೋಧಿ ಬೀಸಿದ ಬೆನ್ನಿಗೇ ಅದೇ ಗಿರಣಿಯಲ್ಲಿ ರಾಗಿ ಬೀಸಿದರೆ ಕಲ್ಲಿಗೆ ಅಂಟಿದ ಹಿಟ್ಟು ರಾಗಿಯ ಪಾಲಾಗುತ್ತದೆ. ಮೊದಲ ಒಂದೆರಡು ಸೇರನ್ನು ಬದಿಗಿರಿಸಿದ ಮಾತ್ರಕ್ಕೆ ಗಿರಣಿ ಶುದ್ಧವಾಯಿತೆಂದು ಹೇಳಲಾಗದು. ಉತ್ತರ ಕರ್ನಾಟಕದಲ್ಲಿ ಜೋಳ, ಗೋಧಿಗಳೆರಡೂ ಹಿಂಗಾರಿ ಬೆಳೆಗಳಾದುದರಿಂದ ಜೋಳದ ಮೂಟೆಯಲ್ಲಿಯೇ ಗೋಧಿ ಕಾಳುಗಳಿರಬಹುದು. ಒಂದು ಗೋಧಿ ಕಾಳಿನ ತೂಕ ಸುಮಾರು 40 ಮಿಲಿಗ್ರಾಮು. ಒಂದು ಕಿಲೋ ಜೋಳದಲ್ಲಿ ಇಂಥ ಆರೇಳು ಕಾಳುಗಳಿದ್ದರೆ ಮಿತಿ ಮುಗಿಯಿತು. ಆದುದರಿಂದ ಪ್ರತ್ಯೇಕ ಗಿರಣಿ ಹಾಗೂ ಕಾಳು ಆರಿಸುವ ವ್ಯವಸ್ಥೆ ಇಲ್ಲದವರು ‘ಗ್ಲುಟನ್ ಮುಕ್ತ’ ಎಂಬ ಮಾತಿಗೆ ಕೈಹಾಕದಿರುವುದೇ ಲೇಸು.

ತಯಾರಕರು ಮೊದಲು ಓದಬೇಕಾದುದು ತಮ್ಮ ಪಾಕಪಟ್ಟಿಯನ್ನಲ್ಲ, ಕೊಂಡು ತಂದ ಪ್ರತಿಯೊಂದು ಚೀಲ, ಡಬ್ಬಿಯ ಮೇಲಿನ ಪಟ್ಟಿಯನ್ನು. ಇಂಗು ಸರಬರಾಜು ಮಾಡುವವರಿಂದ ಯಾವ ಹಿಟ್ಟು ಬಳಸಲಾಗಿದೆಯೆಂದು ಲಿಖಿತವಾಗಿ ಪಡೆಯಬೇಕು. ಅಕ್ಕಿ ಹಿಟ್ಟಿನ ಇಂಗು ತುಸು ದುಬಾರಿಯಾದರೂ ಒಂದು ಕಿಲೋ ಪುಡಿಗೆ ತಗಲುವ ಹೆಚ್ಚುವರಿ ವೆಚ್ಚ ಅತ್ಯಲ್ಪ. ವಿದೇಶದ ಬಂದರಿನಿಂದ ಸರಕು ಹಿಂದಿರುಗಿದರೆ ಆಗುವ ನಷ್ಟದೊಡನೆ ಅದನ್ನು ಹೋಲಿಸುವಂತಿಲ್ಲ. ಅನಂತರ ಸಿದ್ಧ ಸರಕಿನ ಮಾದರಿಯನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಎಲೈಸಾ ಪರೀಕ್ಷೆಗೆ ಒಳಪಡಿಸಬೇಕು. ಸೋಯಾ ಸಾಸ್ ಅಥವಾ ಮಾಲ್ಟ್ ಸಾರ ಸೇರಿದ್ದರೆ ಅದನ್ನು ಮುಂಚಿತವಾಗಿ ತಿಳಿಸುವುದು ಅಗತ್ಯ. ಅಂಥ ಪದಾರ್ಥಗಳಲ್ಲಿ ಪ್ರೋಟೀನು ಒಡೆದಿರುವುದರಿಂದ ಸಾಮಾನ್ಯ ವಿಧಾನವು ನಿಜವಾದ ಪ್ರಮಾಣಕ್ಕಿಂತ ಕಡಿಮೆ ತೋರಿಸಬಹುದು. ಇಂಗಿನ ಸರಬರಾಜುದಾರರನ್ನು ಬದಲಿಸಿದ ದಿನವೇ ಹಳೆಯ ಪರೀಕ್ಷಾ ವರದಿಯನ್ನು ಬದಿಗಿರಿಸಿ ಹೊಸ ಮಾದರಿಯನ್ನು ಕಳುಹಿಸತಕ್ಕದ್ದು.