ಘಟ್ಟ ಏರದ ಪಿಕಪ್: ದೋಷ ಹುಡುಕುವ ಕ್ರಮ

ದೇವಿಮನೆ ಘಟ್ಟದಲ್ಲಾಗಲಿ, ಗೇರುಸೊಪ್ಪೆ ಘಟ್ಟದಲ್ಲಾಗಲಿ, ಹೇರು ತುಂಬಿದ ಡೀಸೆಲ್ ಪಿಕಪ್ ಒಮ್ಮೆಲೇ ಬಲ ಕಳೆದುಕೊಂಡು ಎತ್ತಿನ ಗಾಡಿಯಂತೆ ತೆವಳುವುದನ್ನು ಸದಸ್ಯ ಬಾಂಧವರಲ್ಲಿ ಕೆಲವರಾದರೂ ಕಂಡಿರಬಹುದು. ಎಂಜಿನ್ ನಿಲ್ಲುವುದಿಲ್ಲ, ಎಷ್ಟು ತುಳಿದರೂ ವೇಗ ಏರುವುದಿಲ್ಲ, ಹಳದಿ ಎಂಜಿನ್ ದೀಪ ಉರಿಯುತ್ತಿರುತ್ತದೆ. ಗ್ಯಾರೇಜಿನವರು ಇದಕ್ಕೆ ‘ಲಿಂಪ್ ಮೋಡ್’ ಎನ್ನುತ್ತಾರೆ. ಯಾವುದೋ ಸೆನ್ಸರಿನಿಂದ ಬಂದ ಲೆಕ್ಕ ತಾಳೆಯಾಗದಿದ್ದಾಗ ಎಂಜಿನ್ನಿನ ಕಂಪ್ಯೂಟರು ಡೀಸೆಲ್ ತಗ್ಗಿಸಿ ಎಂಜಿನ್ನನ್ನು ಕಾಪಾಡಿಕೊಳ್ಳುವ ಉಪಾಯವಿದು.

ಇಂಥ ವೇಳೆ ವಾಹನವನ್ನು ಬದಿಗೆ ನಿಲ್ಲಿಸಿ, ಎಂಜಿನ್ ಬಂದುಮಾಡಿ, ಸ್ವಲ್ಪ ಹೊತ್ತಿನ ನಂತರ ಚಾಲೂ ಮಾಡಿದರೆ ಅನೇಕ ಸಲ ಬಲ ಮರಳುತ್ತದೆ. ನಾವು ಮೋಸಹೋಗುವುದೂ ಇಲ್ಲಿಯೇ. ದೋಷ ಹೋಗಿರುವುದಿಲ್ಲ. (ಆಯಿಲ್ ಅಥವಾ ಶಾಖದ ಕೆಂಪು ದೀಪ ಹತ್ತಿದ್ದರೆ ಮಾತ್ರ ಮತ್ತೆ ಚಾಲೂ ಮಾಡಲೇಬಾರದು.)

ನಮ್ಮ ಅನುಭವವನ್ನೇ ಹೇಳುತ್ತೇವೆ. ಚಾಲಿ ಮೂಟೆ ಹೇರಿಕೊಂಡು ಕುಮಟಾದಿಂದ ಶಿರಸಿಗೆ ಹೊರಟಾಗಲೆಲ್ಲ ನಮ್ಮ ಪಿಕಪ್ ಘಟ್ಟದಲ್ಲಿ ಸೋಲುತ್ತಿತ್ತು. ಹೊನ್ನಾವರ, ಭಟ್ಕಳದ ಕಡೆ ಸಪಾಟು ರಸ್ತೆಯಲ್ಲಿ ಏನೂ ತಕರಾರಿಲ್ಲ. ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಜೋಡಿಸಿದಾಗ ಪಿ0299 ಎಂಬ ಸಂಕೇತ ಬಂತು. ‘ಟರ್ಬೊ ಹೋಗಿದೆ’ ಎಂದರು, ಬದಲಾಯಿಸಿದೆವು. ಒಂದು ಕ್ವಿಂಟಲ್ ಚಾಲಿಯ ಹಣ ಹೋಯಿತು, ಘಟ್ಟದ ಕಥೆ ಹಾಗೆಯೇ ಉಳಿಯಿತು.

ಇನ್ನೊಬ್ಬ ಮೆಕ್ಯಾನಿಕ್ ಎಂಜಿನ್ ಆರಿಸಿ, ತಣಿಯಲು ಬಿಟ್ಟು, ಟರ್ಬೊದಿಂದ ಹೊರಡುವ ರಬ್ಬರ್ ಹೋಸನ್ನು ಕೈಯಿಂದ ಬಗ್ಗಿಸಿ ನೋಡಿದ. ಕೆಳಮೈಯಲ್ಲಿ ಎಣ್ಣೆ ಪಸೆ, ಅಲ್ಲಿಯೇ ಸೀಳು. ಸಪಾಟಿನಲ್ಲಿ ಗಾಳಿಯ ಒತ್ತಡ ಕಡಿಮೆ, ಆದ್ದರಿಂದ ಸೀಳು ಮುಚ್ಚಿಕೊಂಡಿರುತ್ತಿತ್ತು. ಏರಿನಲ್ಲಿ ಒತ್ತಡ ಹೆಚ್ಚಿದೊಡನೆ ಬಾಯಿ ತೆರೆಯುತ್ತಿತ್ತು. ಪಿ0299 ಎಂದರೆ ‘ಟರ್ಬೊ ಒತ್ತಡ ಸಾಲದು’ ಎಂದಷ್ಟೇ ಅರ್ಥ, ಟರ್ಬೊ ಕೆಟ್ಟಿದೆ ಎಂದಲ್ಲ. ಹೋಸು, ಕ್ಲಾಂಪು, ಏರ್ ಫಿಲ್ಟರು ನೋಡದೆ ಟರ್ಬೊಗೆ ಕೈಹಾಕಬಾರದಿತ್ತು.

2020ರ ಏಪ್ರಿಲ್ ನಂತರದ ಬಿ.ಎಸ್. 6 ಡೀಸೆಲ್ ವಾಹನಗಳಿಗೆ ಇನ್ನೊಂದು ಕಾಟವಿದೆ. ಹೊಗೆಯ ಮಸಿ ಹಿಡಿಯುವ ಫಿಲ್ಟರು ತುಂಬಿದರೆ ಪಿ2463 ಬರುತ್ತದೆ. ಈ ಮಸಿ ಉರಿದುಹೋಗಲು ಸುಮಾರು 600 ಡಿಗ್ರಿ ಶಾಖ ಬೇಕು. ತೋಟದಿಂದ ಸೊಸೈಟಿಗೆ, ಸೊಸೈಟಿಯಿಂದ ಮನೆಗೆ ಎಂದು ನಾಲ್ಕಾರು ಕಿಲೋಮೀಟರ್ ಮಾತ್ರ ಓಡುವ ವಾಹನಕ್ಕೆ ಅದು ದೊರೆಯುವುದಿಲ್ಲ. ಫಿಲ್ಟರಿನ ದೀಪ ಹತ್ತಿದೊಡನೆ ಹೆದ್ದಾರಿ 66ರಲ್ಲಿ ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿದರೆ ಬಹುಮಟ್ಟಿಗೆ ಶುದ್ಧವಾಗುತ್ತದೆ. ಬಲ ಕುಂದುವವರೆಗೂ ಕಾದರೆ ಗ್ಯಾರೇಜೇ ಗತಿ.

ಪಿ0087 ಬಂದರೆ ಡೀಸೆಲ್ ಒತ್ತಡ ಸಾಲದು. ಪಂಪಿನ ಮಾತಿಗೆ ಮೊದಲು ಡೀಸೆಲ್ ಫಿಲ್ಟರು ನೋಡಿಸಿ, ಮಳೆಗಾಲದಲ್ಲಿ ಅದರೊಳಗಿನ ನೀರನ್ನೂ ಬಸಿಯಿರಿ. ಅಡಿಕೆ ಅಟ್ಟದ ಕೆಳಗೆ ವಾಹನ ನಿಲ್ಲಿಸುವವರು ಇಲಿ ಕಡಿದ ವೈರನ್ನು ಮರೆಯಬಾರದು. ಕಡಲಗಾಳಿಗೆ ಕಿಲುಬು ಹಿಡಿದ ಕನೆಕ್ಟರೂ ಇದೇ ಆಟ ಆಡಿಸುತ್ತದೆ.

ಗ್ಯಾರೇಜಿಗೆ ಹೋದಾಗ ಸಂಕೇತವನ್ನು ಅಳಿಸುವ ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಹೇರು ಎಷ್ಟಿತ್ತು, ಏರೋ ಸಪಾಟೋ, ಎಂಜಿನ್ ಬಿಸಿಯಾಗಿತ್ತೋ ಎಂಬುದನ್ನೂ ಅದರ ಕೆಳಗೆ ನೀವೇ ಬರೆಯಿರಿ.