ಮಾದರಿ ವಿಮಾನಕ್ಕೆ ಬಣ್ಣ ಹಚ್ಚುವಾಗ

ನಿಮ್ಮ ಮಗ ರಜೆಯಲ್ಲಿ ಯುದ್ಧವಿಮಾನದ ಮಾದರಿ ಜೋಡಿಸುತ್ತಿದ್ದರೆ ತಡೆಯಬೇಡಿ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪುಗೊಂಡು 1961ರ ಜೂನ್ 17ರಂದು ಮೊದಲು ಹಾರಿದ ಮಾರುತ್ ಸುಮಾರು 16 ಮೀಟರ್ ಉದ್ದ. 1:72 ಅಳತೆಯಲ್ಲಿ ಅದು 22 ಸೆಂಟಿಮೀಟರ್. ಅಷ್ಟು ಸಣ್ಣದನ್ನು ಜೋಡಿಸಲು ಬೇಕಾದ ತಾಳ್ಮೆಯನ್ನು ಮೊಬೈಲ್ ಕಲಿಸುವುದಿಲ್ಲ. ಆದರೆ ಅವನು ಕುಳಿತಿರುವ ಕೋಣೆಯನ್ನೊಮ್ಮೆ ನೋಡಿ.

ಯೂನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ವಿಷಯಗಳಲ್ಲಿ ಮೊದಲನೆಯದು ಗಾಳಿ. ಮಂಗಳೂರಿನ ಮಳೆಗಾಲದಲ್ಲಿ ನಾವು ಕಿಟಕಿ ಮುಚ್ಚಿಯೇ ಇರುತ್ತೇವೆ. ಮಾದರಿಯ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ; ಆ ದ್ರಾವಕದ ಆವಿ, ಥಿನ್ನರ್‌ನ ಆವಿ ಎರಡೂ ಕೋಣೆಯಲ್ಲೇ ನಿಲ್ಲುತ್ತವೆ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಕೆಲಸ ನಿಲ್ಲಿಸಿ ಹೊರಗೆ ಬರಬೇಕು. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯದು. ಜಗಲಿಯಲ್ಲಿ ಕೂರಿಸಿ, ಎನಾಮೆಲ್ ಬದಲು ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಕೊಡಿಸಿ. ಉಬ್ಬಸವಿರುವ ಮಗುವಿಗೆ ಸ್ಪ್ರೇ ಬೇಡವೇ ಬೇಡ. ಉಜ್ಜುಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿದರೆ ಧೂಳೇಳದು.

ಇನ್ನು ವುಝೂ. ಉಗುರಿನ ಮೇಲೆ ಒಣಗಿದ ಬಣ್ಣ ನೀರನ್ನು ತಡೆಯುತ್ತದೆಂದು ಹುಡುಗರು ಥಿನ್ನರ್‌ನಿಂದ ಕೈ ತಿಕ್ಕಿಕೊಂಡು ನಮಾಝ್‌ಗೆ ಓಡುತ್ತಾರೆ. ಚರ್ಮದ ಎಣ್ಣೆಯಂಶ ಹೋಗಿ ಬಿರುಕು, ತುರಿಕೆ ಶುರು. ಎನಾಮೆಲ್ ಹಸಿಯಿರುವಾಗಲೇ ತೆಂಗಿನೆಣ್ಣೆ ಸವರಿ ಒರೆಸಿ, ಸಾಬೂನಿನಿಂದ ತೊಳೆಯಲಿ. ತೆಳುವಾದ ಕೈಗವಸು ಹಾಕಿದರೆ ಅದೂ ಬೇಡ.

ಥಿನ್ನರನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಂದೂ ತುಂಬಿಡಬೇಡಿ. ಚಿಕ್ಕ ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ, ದ್ರವ ಶ್ವಾಸಕೋಶಕ್ಕೆ ಇಳಿಯಬಹುದು. ನನ್ನ ಬಳಿಗೂ ತರಬೇಡಿ; ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಒಯ್ಯಿರಿ, ಆ ಬಾಟಲಿಯೂ ಜೊತೆಗಿರಲಿ.