ರಾಕೆಟ್ ಹಾರಿಸಲು ಹೊರಟ ಪುಟ್ಟಿಗೆ

ಶಿವಮೊಗ್ಗ



ಶಾಲೆಯಲ್ಲಿ ರಾಕೆಟ್ ಕ್ಲಬ್ ಕಟ್ಟಿಕೊಂಡಿದ್ದೀರಂತೆ. ಅಕ್ಟೋಬರ್ 4ರಿಂದ 10ರವರೆಗಿನ ಬಾಹ್ಯಾಕಾಶ ಸಪ್ತಾಹದಲ್ಲಿ ಭದ್ರಾವತಿಯ ನ್ಯೂ ಟೌನ್ ಮೈದಾನದಲ್ಲಿ ನೀರಿನ ರಾಕೆಟ್ ಹಾರಿಸುತ್ತೀರಂತೆ. ನಿಮ್ಮಪ್ಪ ಫೋನಿನಲ್ಲಿ ಹೇಳಿದಾಗ ನನಗಾದ ಖುಷಿ ಇಷ್ಟಿಷ್ಟಲ್ಲ. ಕಾರ್ಖಾನೆಯಲ್ಲಿ ಪೈಪು, ವಾಲ್ವುಗಳ ನಡುವೆಯೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಒತ್ತಡದ ವಿಷಯದಲ್ಲಿ ನಾಲ್ಕು ಮಾತು ಹೇಳುವ ಅಧಿಕಾರ ನನಗಿದೆ ಅಂದುಕೊಂಡು ಬರೆಯುತ್ತಿದ್ದೇನೆ. ಈ ಕಾಗದವನ್ನು ನಿನ್ನ ಜೊತೆಯವರಿಗೂ ಓದಿ ಹೇಳು.

ನಮ್ಮ ಜಿಲ್ಲೆಗೆ ರಾಕೆಟ್ ಹೊಸದಲ್ಲ. 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರು ನಗರದ ಪಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ಟಿಪ್ಪುವಿನ ಕಾಲದವು. ಬಾವಿಯ ಮಣ್ಣು ಮದ್ದಿನ ವಾಸನೆ ಹೊಡೆಯುತ್ತಿದ್ದುದರಿಂದಲೇ ಅಲ್ಲಿ ಅಗೆದು ನೋಡಿದರಂತೆ. ಎಲ್ಲವೂ ಹೆಚ್ಚುಕಡಿಮೆ ಗೇಣುದ್ದದ, ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು. ಆ ಕಬ್ಬಿಣದಲ್ಲೇ ಮೈಸೂರು ರಾಕೆಟಿನ ಗುಟ್ಟೆಲ್ಲ ಇದ್ದದ್ದು. ಕಾಗದದ ಅಥವಾ ಬಿದಿರಿನ ಕೊಳವೆ ಸ್ವಲ್ಪ ಒತ್ತಡಕ್ಕೇ ಒಡೆಯುತ್ತದೆ. ಕಬ್ಬಿಣದ್ದು ತಡೆದುಕೊಳ್ಳುತ್ತದೆ, ಹಾಗಾಗಿ ಒಳಗಿನ ಹೊಗೆ ಹೆಚ್ಚು ರಭಸದಿಂದ ಹಿಂದಕ್ಕೆ ನುಗ್ಗಿ ರಾಕೆಟನ್ನು ದೂರ ಒಯ್ಯುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಈ ರಾಕೆಟ್‌ಗಳನ್ನು ತಮ್ಮ ವುಲ್ವಿಚ್ ಶಸ್ತ್ರಾಗಾರಕ್ಕೆ ಸಾಗಿಸಿದರು. ಕಾಂಗ್ರೀವ್ ಎಂಬವನು ಅವನ್ನು ನೋಡಿಯೇ ತನ್ನ ರಾಕೆಟ್ ರೂಪಿಸಿದ.

ಆದರೆ ಪುಟ್ಟೀ, ಅದು ಯುದ್ಧದ ಆಯುಧ. ಕೊಳವೆ ಒಡೆದು ಚೂರು ಸಿಡಿದರೆ ಎದುರಿಗಿದ್ದವನು ಸಾಯಲಿ ಎಂದೇ ಮಾಡಿದ್ದು. ನೀನಿರುವುದು ಕಬ್ಬಿಣದ ಊರಿನಲ್ಲಿ. 1923ರಿಂದ ಅಲ್ಲಿ ಕಬ್ಬಿಣ ಕರಗುತ್ತಾ ಬಂತು, ಯಾರ ಹಿತ್ತಲಲ್ಲಿ ಹುಡುಕಿದರೂ ಒಂದು ತುಂಡು ಪೈಪು ಸಿಗುತ್ತದೆ. ನಿಮ್ಮ ಕ್ಲಬ್ಬಿನ ಯಾವನಾದರೂ ಚುರುಕು ಹುಡುಗ ಆ ಪೈಪನ್ನು ಎತ್ತಿಕೊಂಡು ಬಂದು, ದೀಪಾವಳಿಯ ಪಟಾಕಿ ಬಿಚ್ಚಿ ಮದ್ದು ತುಂಬೋಣ ಅಂದರೆ ಆ ಕ್ಷಣವೇ ಮೇಷ್ಟರಿಗೆ ಹೇಳಬೇಕು. ಚಾಡಿ ಹೇಳಿದಂತಾಗುತ್ತದೆ ಎಂದು ಸುಮ್ಮನಿರಬೇಡ. ಹಾಗೆ ಮದ್ದು ತಯಾರಿಸುವುದಕ್ಕೆ 1884ರ ಸ್ಫೋಟಕ ಕಾಯ್ದೆಯಡಿ ಪರವಾನಗಿ ಬೇಕು, ಅದು ಬೇರೆ ಮಾತು. ನನಗೆ ಚಿಂತೆ ನಿಮ್ಮ ಕೈಬೆರಳುಗಳದ್ದು, ಕಣ್ಣುಗಳದ್ದು.

1957ರಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕದ ಹುಡುಗರು ಹೀಗೆಯೇ ಲೋಹದ ಕೊಳವೆಗೆ ರಾಸಾಯನಿಕ ತುಂಬಿ ಬಹಳ ಅನಾಹುತ ಮಾಡಿಕೊಂಡರು. ಅದನ್ನು ತಪ್ಪಿಸುವ ದಾರಿ ಆಗಲೇ ಸಿದ್ಧವಿತ್ತು. 1954ರಲ್ಲಿ ನೆಬ್ರಾಸ್ಕದ ಆರ್ವಿಲ್ ಕಾರ್ಲೈಲ್ ಎಂಬ ಬೂಟಿನ ಅಂಗಡಿಯವನು ಕಾಗದದ, ಹಗುರ ಮರದ ರಾಕೆಟ್ ಮಾಡಿದ್ದ. ಆ ಮಾದರಿಗೆ ಹ್ಯಾರಿ ಸ್ಟೈನ್ ಎಂಬವನು ಸುರಕ್ಷತೆಯ ನಿಯಮ ಕಟ್ಟಿದ: ಮೋಟಾರು ಕಾರ್ಖಾನೆಯಲ್ಲೇ ತಯಾರಾಗಬೇಕು, ಮಕ್ಕಳು ಮದ್ದು ಬೆರೆಸಕೂಡದು, ರಾಕೆಟಿನ ಮೈಯಲ್ಲಿ ಲೋಹ ಇರಕೂಡದು, ಬೆಂಕಿಕಡ್ಡಿ ಗೀರದೆ ದೂರದಿಂದ ಬ್ಯಾಟರಿಯಿಂದಲೇ ಹೊತ್ತಿಸಬೇಕು. ಹೊತ್ತದೆ ಹೋದರೆ ಬ್ಯಾಟರಿ ಕಳಚಿ ಪೂರಾ ಒಂದು ನಿಮಿಷ ಯಾರೂ ಹತ್ತಿರ ಸುಳಿಯಬಾರದು ಎಂಬುದೂ ಆ ನಿಯಮಗಳಲ್ಲಿ ಸೇರಿತು. ಇವತ್ತಿಗೂ ಅಲ್ಲಿನ ಕ್ಲಬ್ಬುಗಳು ಇದನ್ನೇ ಪಾಲಿಸುತ್ತವೆ.

ನೀವು ನೀರಿನ ರಾಕೆಟನ್ನು ಆರಿಸಿಕೊಂಡದ್ದು ಒಳ್ಳೆಯದಾಯಿತು. ಬೆಂಕಿಯಿಲ್ಲ, ಮದ್ದಿಲ್ಲ. ಹಾಗೆಂದು ಅದು ಆಟಿಕೆ ಎಂದು ಹಗುರ ಮಾಡಬೇಡ. ಬಾಟಲಿಯ ಮೂರರಲ್ಲೊಂದು ಭಾಗ ನೀರು, ಉಳಿದಿದ್ದು ಒತ್ತಿ ತುಂಬಿದ ಗಾಳಿ. ಜೋರು ಮಾಡುವುದು ಆ ಗಾಳಿಯೇ. ಕೂಲ್‌ಡ್ರಿಂಕ್ಸಿನ ಬಾಟಲಿಯೇ ಬೇಕು, ಕುಡಿಯುವ ನೀರಿನ ತೆಳು ಬಾಟಲಿ ಬೇಡ. ಗೀರು ಬಿದ್ದಿದ್ದರೆ, ಬಿಸಿಲಿಗೆ ಮಂಕಾಗಿದ್ದರೆ ಅದನ್ನು ಎಸೆದುಬಿಡಿ. ಬಿಸಿ ಗ್ಲೂ ಹಚ್ಚಬೇಡಿ, ಶಾಖಕ್ಕೆ ಪ್ಲಾಸ್ಟಿಕ್ ಸೋತುಹೋಗುತ್ತದೆ. ರೆಕ್ಕೆಗಳನ್ನು ಟೇಪಿನಲ್ಲಿ ಅಂಟಿಸಿ. ಮೂತಿಗೆ ಮೊಳೆ, ತಂತಿ ಏನೂ ಬೇಡ, ಸ್ಪಂಜೋ ಅರ್ಧ ಕತ್ತರಿಸಿದ ರಬ್ಬರ್ ಚೆಂಡೋ ಸಾಕು. ಏಕೆಂದರೆ ಪ್ಯಾರಾಚೂಟ್ ಬಿಚ್ಚಿಕೊಳ್ಳದೆ ತಲೆಕೆಳಗಾಗಿ ಬರುವ ರಾಕೆಟ್‌ಗಳೇ ಹೆಚ್ಚು.

ಇನ್ನು ನನ್ನ ಕಸುಬಿನ ಮಾತು. ಹೊಸ ಪೈಪಿನ ತಾಕತ್ತು ನೋಡಬೇಕಾದರೆ ನಾವು ಮೊದಲು ನೀರು ತುಂಬಿ ಒತ್ತಡ ಕೊಡುತ್ತೇವೆ, ಹೈಡ್ರೋ ಟೆಸ್ಟ್ ಅನ್ನುತ್ತೇವೆ. ನೀವೂ ಬಾಟಲಿಯನ್ನು ಕಂಠಮಟ್ಟ ನೀರು ತುಂಬಿಸಿ ಪಂಪ್ ಹೊಡೆದು ನೋಡಿ. ನೀರು ಕುಗ್ಗುವುದಿಲ್ಲ, ಆದ್ದರಿಂದ ಬಾಟಲಿ ಬಿರಿದರೂ ಪಿಚಕ್ಕನೆ ನೀರು ಚಿಮ್ಮಿ ನಿಲ್ಲುತ್ತದೆ. ಅದೇ ಗಾಳಿ ತುಂಬಿದ್ದರೆ ಬಾಂಬಿನ ಹಾಗೆ ಸಿಡಿಯುತ್ತದೆ. ಗೇಜ್ ಇರುವ ಪಂಪನ್ನೇ ತನ್ನಿ. ಹಾರಿಸುವಾಗ 60 ಪೌಂಡ್ ದಾಟಕೂಡದು, ಪಕ್ಕದ ತಂಡದ ರಾಕೆಟ್ ಎಷ್ಟೇ ಮೇಲೆ ಹೋಗಲಿ.

ಎಲ್ಲರೂ ಮರೆಯುವುದು ಇನ್ನೊಂದು. ಸೈಕಲ್ ಟ್ಯೂಬಿನ ವಾಲ್ವ್ ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಲಾಂಚರಿನ ದಾರ ಎಳೆದರೂ ರಾಕೆಟ್ ಏಳದೆ ಸಿಕ್ಕಿಕೊಂಡಿತು ಅನ್ನು. ಪಂಪ್ ಕಳಚಿದರೂ ಬಾಟಲಿಯ ಗಾಳಿ ಅಲ್ಲೇ ಇರುತ್ತದೆ. ಆಗ ಯಾರಾದರೂ ಹೋಗಿ ಬಗ್ಗಿ ಅಲುಗಾಡಿಸುತ್ತಾರೆ, ಮುಖಕ್ಕೆ ಪೆಟ್ಟು ಬೀಳುವುದು ಆಗಲೇ. ಅದಕ್ಕೆ ಉಪಾಯವಿದೆ. ಆ ವಾಲ್ವನ್ನು ಪಂಪಿನ ತುದಿಗೆ ಕೂರಿಸಿ, ಅದರ ಮುಂದೆ ಒಂದು ಟೀ (ಮೂರು ಬಾಯಿಯ ಪೈಪು ತುಂಡು) ಹಾಕಿ, ಟೀಯ ಪಕ್ಕದ ಬಾಯಿಗೆ ಸಣ್ಣ ಬಾಲ್ ವಾಲ್ವ್ ಬಿಗಿಯಿರಿ. ಅಲ್ಲಿಂದ ಲಾಂಚರಿಗೆ ಐದಾರು ಮೀಟರ್ ಗಟ್ಟಿ ಹೋಸ್ ಎಳೆಯಿರಿ. ರಾಕೆಟ್ ಸಿಕ್ಕಿಕೊಂಡರೆ ನಿಂತಲ್ಲಿಂದಲೇ ಬಾಲ್ ವಾಲ್ವ್ ತಿರುಗಿಸಿದರೆ ಗಾಳಿಯೆಲ್ಲ ಹೊರಗೆ. ಪಂಪ್ ಹೊಡೆಯುವವರಿಗೆ ಕನ್ನಡಕ ಕಡ್ಡಾಯ. ಉಳಿದವರೆಲ್ಲ ಅವರಿಗಿಂತ ಇನ್ನಷ್ಟು ಹಿಂದೆ, ಹಗ್ಗದಾಚೆ.

ಮೈದಾನದ ಅಂಚಿನ ಕರೆಂಟ್ ತಂತಿಯಿಂದ ದೂರ ಇರಿ. ರಾಕೆಟ್ ತಂತಿಗೆ ಸಿಕ್ಕಿದರೆ ಅದು ಹೋಯಿತು ಎಂದುಕೊಳ್ಳಿ. ಕೋಲು ಹಾಕಬೇಡಿ, ಕಲ್ಲು ಬೀರಬೇಡಿ, ಮೆಸ್ಕಾಂಗೆ ಫೋನ್ ಮಾಡಿ. ಅಕ್ಟೋಬರಿನಲ್ಲಿ ನಮ್ಮ ಕಡೆ ಮಧ್ಯಾಹ್ನ ದಾಟಿದರೆ ಗುಡುಗು ಸಿಡಿಲು ಯಾವಾಗ ಬಂದೀತೆಂದು ಹೇಳಲಾಗದು. ಬೆಳಿಗ್ಗೆ ಬೇಗ ಶುರುಮಾಡಿ, ಹನ್ನೊಂದಕ್ಕೆಲ್ಲ ಮುಗಿಸಿ. ಮೋಡ ಕಟ್ಟಿದರೆ, ಗಾಳಿ ಎದ್ದರೆ ನಿಲ್ಲಿಸಿಬಿಡಿ. ಅತಿಥಿಗಳು ಬಂದು ಕೂತಿದ್ದಾರೆ, ಭಾಷಣ ಆಗಿದೆ, ಹೇಗೆ ನಿಲ್ಲಿಸುವುದು ಎಂದು ದೊಡ್ಡವರೇ ಹಿಂಜರಿದಾರು. ಹಿಂಜರಿಯದೆ ಹೇಳುವ ಒಬ್ಬರನ್ನು ಮೊದಲೇ ನೇಮಿಸಿಕೊಳ್ಳಿ, ಅವರ ಮಾತಿಗೆ ಎದುರಾಡಬೇಡಿ. ಆ ಕೆಲಸ ನಿನಗೆ ಬಂದರೆ ನನಗೆ ಸಂತೋಷ.

ಮುಂದೆ ಕಾಲೇಜಿಗೆ ಹೋದಾಗ ಮೋಟಾರಿನ ರಾಕೆಟ್ ಹಾರಿಸುವ ಆಸೆ ಬಂದೀತು, ಬರಲಿ. ಮಣಿಪಾಲದ ಥ್ರಸ್ಟ್ ಎಂಐಟಿ ತಂಡದ ಮಕ್ಕಳು ಅಮೆರಿಕದ ಸ್ಪರ್ಧೆಯವರೆಗೂ ಹೋಗಿದ್ದಾರೆ. ಆದರೆ ನ್ಯೂ ಟೌನಿನಲ್ಲಿ ಅದು ಬೇಡ. ಹತ್ತಿರದ ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣವಿದೆ, ಅನುಮತಿ ಇಲ್ಲದೆ ಆ ಆಕಾಶಕ್ಕೆ ಅಂಥ ರಾಕೆಟ್ ಕಳಿಸುವಂತಿಲ್ಲ.

ನಿಮ್ಮ ಮೇಷ್ಟರಿಗೆ ಹೇಳು, ಟೀ, ವಾಲ್ವ್, ಹೋಸ್ ಎಲ್ಲ ನಾನೇ ತರುತ್ತೇನೆ. ಹಿಂದಿನ ದಿನವೇ ಬಂದು ಜೋಡಿಸಿ, ನೀರು ತುಂಬಿ ಪರೀಕ್ಷೆ ಮಾಡಿ ಕೊಡುತ್ತೇನೆ. ಹಾರಿಸುವ ದಿನ ಹಗ್ಗದ ಹತ್ತಿರ ನಿಂತು ಚಿಕ್ಕ ಮಕ್ಕಳನ್ನು ತಡೆಯುವ ಕೆಲಸ ನನಗಿರಲಿ.

ಇತಿ ನಿನ್ನ
ದೊಡ್ಡಪ್ಪ